ಮೌನದ ಬೆಲೆ ತೆರುವವರು ಯಾರು?

ಇಂಗ್ಲಿಷ್ ಹಳ್ಳಿಯ ಗುಟ್ಟುಗಳ ಕಾದಂಬರಿ ಎಂದರೆ ಹಲವರಿಗೆ ನೆನಪಾಗುವುದು ಅಗಾಥಾ ಕ್ರಿಸ್ಟಿಯ ಸೇಂಟ್ ಮೇರಿ ಮೀಡ್. ಅಲ್ಲಿ ಮಿಸ್ ಮಾರ್ಪಲ್ ಗುಟ್ಟು ರಟ್ಟು ಮಾಡುತ್ತಾಳೆ, ಕೊಲೆಗಾರ ಸಿಕ್ಕಿಬೀಳುತ್ತಾನೆ, ಊರು ನೆಮ್ಮದಿಗೆ ಮರಳುತ್ತದೆ. ಯು.ಆರ್. ಅನಂತಮೂರ್ತಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ 1965ರಲ್ಲಿ ಬರೆದ ‘ಸಂಸ್ಕಾರ’ದಲ್ಲೂ ಒಂದು ಊರಿದೆ, ಒಂದು ಹೆಣವಿದೆ, ಬೇಕಾದಷ್ಟು ಗುಟ್ಟುಗಳಿವೆ. ಪತ್ತೇದಾರ ಮಾತ್ರ ಇಲ್ಲ, ನೆಮ್ಮದಿಯೂ ಇಲ್ಲ.

ದೂರ್ವಾಸಪುರದ ಅಗ್ರಹಾರಕ್ಕೆ ನಾರಣಪ್ಪನ ಮೇಲಿದ್ದ ಸಿಟ್ಟು ಅವನು ಆಚಾರ ಕೆಟ್ಟ ಎಂಬುದಕ್ಕಷ್ಟೇ ಅಲ್ಲ, ಬಚ್ಚಿಡದೆ ಕೆಟ್ಟ ಎಂಬುದಕ್ಕೆ. ಶ್ರೀಪತಿ ಕತ್ತಲಲ್ಲಿ ಬೆಳ್ಳಿಯನ್ನು ಕಾಣಲು ಹೋಗುತ್ತಾನೆ. ಹಗಲಲ್ಲಿ ಅವನೂ ಅಗ್ರಹಾರದವನೇ.

ನನ್ನೂರು ಕಡ್ಡಿರಾಂಪುರ, ಹಂಪಿಯ ಮಗ್ಗುಲಿನ ಸಣ್ಣ ಊರು. ಇಂಥ ಊರುಗಳಲ್ಲಿ ಗುಟ್ಟೆಂದರೆ ಯಾರಿಗೂ ಗೊತ್ತಿಲ್ಲದ್ದಲ್ಲ. ಎಲ್ಲರಿಗೂ ಗೊತ್ತಿದ್ದು ಯಾರೂ ಆಡದಿರುವುದು. ಆ ಮೌನದಲ್ಲಿ ದಯೆಯೂ ಇದೆ: ಓಡಿಹೋಗಿ ಮರಳಿದ ಮಗಳನ್ನು ಯಾರೂ ಏನೂ ಕೇಳುವುದಿಲ್ಲ. ಕ್ರೌರ್ಯವೂ ಇದೆ: ದಿನಾ ಗಂಡನಿಂದ ಹೊಡೆಸಿಕೊಳ್ಳುವವಳನ್ನೂ ಯಾರೂ ಏನೂ ಕೇಳುವುದಿಲ್ಲ. ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ?

‘ಸಂಸ್ಕಾರ’ದ ಚರ್ಚೆಯಲ್ಲಿ ಸಾಮಾನ್ಯವಾಗಿ ಏಳುವ ಪ್ರಶ್ನೆ, ಚಂದ್ರಿಯೊಡನೆ ಕೂಡಿದ್ದನ್ನು ಪ್ರಾಣೇಶಾಚಾರ್ಯರು ಊರಿಗೆ ಮರಳಿ ಹೇಳಿಯಾರೇ ಎಂಬುದು. ಕಾದಂಬರಿ ಉತ್ತರ ಕೊಡದೆ ಮುಗಿಯುತ್ತದೆ. ಆದರೆ ಅದರಲ್ಲಿ ಇನ್ನೊಂದು ಗುಟ್ಟಿದೆ. ಶಾಸ್ತ್ರದ ಚರ್ಚೆ ಮುಗಿಯದೆ ಹೆಣ ಕೊಳೆಯುತ್ತಿದ್ದಾಗ ಚಂದ್ರಿ ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ನೆರವು ಪಡೆದು, ರಾತ್ರೋರಾತ್ರಿ ದಹನ ಮಾಡಿಸಿ, ಕುಂದಾಪುರದ ದಾರಿ ಹಿಡಿಯುತ್ತಾಳೆ. ಅಗ್ರಹಾರ ಇಲ್ಲದ ಹೆಣಕ್ಕೆ ಅಪ್ಪಣೆ ಹುಡುಕುತ್ತಲೇ ಇರುತ್ತದೆ.

ಅವಳು ಹೇಳಿದ್ದರೆ ಅಗ್ರಹಾರದ ಉಪವಾಸವಾದರೂ ಮುಗಿಯುತ್ತಿತ್ತಲ್ಲ ಎನ್ನಬಹುದು. ನಿಜ. ಆದರೆ ಬ್ರಾಹ್ಮಣನ ಹೆಣ ಮುಟ್ಟಿದ ಬ್ಯಾರಿಯ ಗತಿ ಏನಾಗುತ್ತಿತ್ತು? ಆಚಾರ್ಯರ ಮೌನ ಕಾಯುವುದು ಅವರ ಹೆಸರನ್ನು. ಚಂದ್ರಿಯ ಮೌನ ಕಾಯುವುದು ಸತ್ತವನ ಮಾನವನ್ನು, ಬ್ಯಾರಿಯನ್ನು, ಕೊನೆಗೆ ಆಚಾರ್ಯರನ್ನೂ.

ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಸತ್ಯ ನುಡಿಯುವುದೇ ಧರ್ಮ. ಪುಣ್ಯಕೋಟಿ ತನ್ನ ಸತ್ಯಕ್ಕೆ ತನ್ನ ಜೀವವನ್ನೇ ಒತ್ತೆಯಿಟ್ಟಿತು, ಬೇರೆಯವರದ್ದನ್ನಲ್ಲ. ಮೌನಕ್ಕೂ ಅದೇ ಅಳತೆ ಸಾಕು. ಅದರ ಬೆಲೆಯನ್ನು ಬಚ್ಚಿಟ್ಟವರೇ ತೆರುತ್ತಿದ್ದರೆ ಗುಟ್ಟು ಗುಟ್ಟಾಗಿಯೇ ಇರಲಿ. ಇನ್ನೊಬ್ಬರು ತೆರುತ್ತಿದ್ದರೆ, ಊರಿನ ಮರ್ಯಾದೆ ಹೋದರೂ ಬಾಯಿ ಬಿಡಲೇಬೇಕು.