ನೆಲವನ್ನು ಸೊನ್ನೆ ಮಾಡುವ ಗುಂಡಿ

ಕಾಂದಿವಲಿಯ ನಮ್ಮ ಫ್ಲ್ಯಾಟಿನಲ್ಲಿ, ಕಪಾಟಿನ ಮೇಲೆ, ಒಂದು ಮೆಟಲ್ ಡಿಟೆಕ್ಟರ್ ಮಲಗಿದೆ. ಹಳೆಯ ನಾಣ್ಯಗಳ ಹುಚ್ಚು ಹತ್ತಿದಾಗ ಕೊಂಡದ್ದು. ಈಗ ಅದನ್ನೇಕೆ ಮುಟ್ಟುತ್ತಿಲ್ಲ ಎಂದು ಹೇಳುವುದಕ್ಕೇ ಈ ಬರಹ.

ಯಂತ್ರದ ಕೆಲಸ ಸರಳ. ಅದರ ಸುರುಳಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ನೆಲಕ್ಕೆ ಕಳಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರೊಳಗೆ ವಿದ್ಯುತ್ತಿನ ಸಣ್ಣ ಸುಳಿಗಳೆದ್ದು ಉತ್ತರ ಬರುತ್ತದೆ. ಉತ್ತರ ಎಷ್ಟು ತಡವಾಯಿತು ಎಂಬುದರ ಮೇಲೆ ತಾಮ್ರವೋ ಕಬ್ಬಿಣವೋ ಎಂದು ಯಂತ್ರ ಊಹಿಸುತ್ತದೆ. ತೊಂದರೆ ಶುರುವಾಗುವುದು ನೆಲವೇ ಉತ್ತರ ಕೊಡತೊಡಗಿದಾಗ. ಮುಂಬಯಿಯ ಕಪ್ಪು ಬಸಾಲ್ಟ್ ಸವೆದು ಆದ ಮಣ್ಣಿನಲ್ಲಿ ಮ್ಯಾಗ್ನೆಟೈಟ್ ಇದೆ. ನಮ್ಮ ಕರಾವಳಿಯ ಚಿರೇಕಲ್ಲಿನ ಕೆಂಪು ಮಣ್ಣಿಗೆ ಬಣ್ಣ ಬಂದದ್ದೇ ಕಬ್ಬಿಣದ ಆಕ್ಸೈಡಿನಿಂದ. ಇಂಥಲ್ಲಿ ಯಂತ್ರ ಹೆಜ್ಜೆಹೆಜ್ಜೆಗೂ ಕಿರುಚುತ್ತದೆ. ಅದಕ್ಕೆ ಮದ್ದು ‘ಗ್ರೌಂಡ್ ಬ್ಯಾಲೆನ್ಸ್’. ಸುರುಳಿಯನ್ನು ನೆಲದ ಹತ್ತಿರ ಎತ್ತಿ ಇಳಿಸಿ ಗುಂಡಿ ಒತ್ತಿದರೆ, ಆ ನೆಲದ ದನಿಯನ್ನು ಯಂತ್ರ ಸೊನ್ನೆ ಎಂದು ಎಣಿಸುತ್ತದೆ. ಆಮೇಲೂ ಸೂಕ್ಷ್ಮತೆಯನ್ನು ತಗ್ಗಿಸಬೇಕು. ತಗ್ಗಿಸಿದರೆ ಆಳದ ಚಿಕ್ಕ ನಾಣ್ಯ ಕೈತಪ್ಪುತ್ತದೆ. ಸಿಕ್ಕಿದ್ದರಲ್ಲೂ ತಾಮ್ರ ಕೆಲವೊಮ್ಮೆ ಕಬ್ಬಿಣದಂತೆ ಕೇಳಿಸುತ್ತದೆ. ಹಾಗಾಗಿ ಸದ್ದಾದಲ್ಲೆಲ್ಲ ಅಗೆಯುವುದೊಂದೇ ದಾರಿ.

ನಾನೂ ಅಗೆದೆ. ಹೊನ್ನಾವರ ತಾಲೂಕಿನಲ್ಲಿ, ಶರಾವತಿಯ ದಂಡೆಯ ನಮ್ಮೂರಿನಲ್ಲಿ, ಅಡಕೆ ತೋಟದ ಮೇಲಿನ ಬೇಣದಲ್ಲಿ. ಮೇ ತಿಂಗಳ ಒಂದು ಸಂಜೆ ಆರು ಗುಂಡಿ ತೋಡಿದೆ. ಬಂದದ್ದೆಲ್ಲ ತುಕ್ಕು ಹಿಡಿದ ಕಬ್ಬಿಣದ ಚೂರು. ಪಕ್ಕದ ಹಳ್ಳಕ್ಕೆ ಎಸೆದೆ. ಕೊನೆಗೊಂದು ದಪ್ಪ ತಾಮ್ರದ ಬಿಲ್ಲೆ. ತೊಳೆದರೆ ಆನೆ ಕಾಣಿಸಿತು: ಟಿಪ್ಪುವಿನ ಕಾಲದ ದುಡ್ಡು. ಕುಣಿದಾಡುತ್ತ ಮನೆಗೆ ಬಂದೆ.

ಅಪ್ಪಚ್ಚಿ ಕನ್ನಡಕ ಹಾಕಿಕೊಂಡು ತಿರುಗಿಸಿ ನೋಡಿದರು. ಬೆಲೆ ಕೇಳಲಿಲ್ಲ.

“ಬೇಣದ ಯಾವ ಮಗ್ಗುಲಲ್ಲಿ ಸಿಕ್ಕಿತು, ತಮಾ?”

“ಎಲ್ಲೋ ನಡುವೆ... ಗೇರುಮರದ ಆಚೆ.”

“ಬೇರೆ ಎಂಥ ಇತ್ತು?”

“ಕಬ್ಬಿಣದ ಪಟ್ಟಿ. ಬಾಗಿದ್ದು, ಮೊಳೆಯ ತೂತು ಇದ್ದದ್ದು. ಎಸೆದೆ.”

“ಎತ್ತಿನ ಲಾಳ ಇರಬೇಕು,” ಎಂದು ಅಪ್ಪಚ್ಚಿ ಸುಮ್ಮನಾದರು.

ಘಟ್ಟದಿಂದ ಗೇರುಸೊಪ್ಪೆಯ ಮೇಲೆ ಹೊನ್ನಾವರದ ಬಂದರಿಗೆ ಮೆಣಸು ಹೊತ್ತು ಇಳಿಯುತ್ತಿದ್ದ ಹೇರೆತ್ತುಗಳ ಒಂದು ದಾರಿ ನಮ್ಮ ಬೇಣದ ಮೇಲೇ ಹಾಯುತ್ತಿತ್ತು ಎಂದು ಅಜ್ಜ ಹೇಳುತ್ತಿದ್ದರಂತೆ. ಯಾರೂ ನಂಬಿರಲಿಲ್ಲ. ಲಾಳಗಳೂ ದುಡ್ಡೂ ಒಂದೇ ಸಾಲಿನಲ್ಲಿ, ಒಂದೇ ಆಳದಲ್ಲಿ ಬಿದ್ದಿದ್ದವೇ? ಅದಕ್ಕೆ ಸಾಕ್ಷಿ ಹೇಳಬಹುದಾಗಿದ್ದವನು ನಾನೊಬ್ಬನೇ. ನಾನು ನೋಡಿರಲಿಲ್ಲ.

ನಾನು ತಪ್ಪು ಮಾಡಿದೆನೇ? ಕದ್ದಿಲ್ಲ, ನೆಲ ನಮ್ಮದೇ. ಇನ್ನೂ ಗಟ್ಟಿಯಾದ ಸಮರ್ಥನೆಯೂ ಇದೆ: ನಾನು ತೆಗೆಯದಿದ್ದರೆ ನಮ್ಮ ಹುಳಿ ಮಣ್ಣು ತಾಮ್ರವನ್ನು ತಿನ್ನುತ್ತಿತ್ತು, ಇಲ್ಲವೇ ಯಾವುದೋ ಜೆಸಿಬಿ ಬಾಚಿ ಎಸೆಯುತ್ತಿತ್ತು. ಈ ವಾದದಲ್ಲಿ ಹುರುಳಿದೆ. ಆದರೆ ನಾನು ಉಳಿಸಿದ್ದು ಯಾವುದನ್ನು? ಅಂಥ ಆನೆಯ ದುಡ್ಡು ಬೇಕಾದಷ್ಟಿವೆ. ಈ ಒಂದಕ್ಕೆ ಮಾತ್ರ ಇದ್ದದ್ದು ಅದು ಬಿದ್ದ ಜಾಗ. ಸಾಮಾನ್ಯವಾದದ್ದನ್ನು ಜೇಬಿಗೆ ಹಾಕಿಕೊಂಡು, ಮತ್ತೆ ಸಿಗದ್ದನ್ನು ಕಳೆದೆ. ಯಂತ್ರ ಹೇಳಿಕೊಟ್ಟದ್ದೂ ಅದನ್ನೇ: ನೆಲವೆಂದರೆ ಅಡ್ಡಿ, ಕಬ್ಬಿಣವೆಂದರೆ ಕಸ. ಸರ್ವರ್ ಲಾಗಿನಲ್ಲಿ ‘ಗದ್ದಲ’ ಎಂದು ನಾವು ಸೋಸಿ ಬಿಟ್ಟ ಸಾಲುಗಳನ್ನೇ, ಸಿಸ್ಟಮ್ ಬಿದ್ದ ದಿನ ರಾತ್ರಿಯಿಡೀ ಹುಡುಕುತ್ತೇವೆ. ಅಷ್ಟು ಗೊತ್ತಿದ್ದೂ ಬೇಣದಲ್ಲಿ ನನಗದು ಹೊಳೆಯಲಿಲ್ಲ.

ನಾನಿರುವ ಕಾಂದಿವಲಿಯಲ್ಲೇ ಇದಕ್ಕೆ ವಿರುದ್ಧವಾದದ್ದೊಂದು ನಡೆದಿದೆ. 1930ರ ದಶಕದ ಹೊತ್ತಿಗೆ ನೌಕಾಪಡೆಯ ಅಧಿಕಾರಿ ಕೆ.ಆರ್.ಯು. ಟಾಡ್ ಇಲ್ಲಿ ಶಿಲಾಯುಗದ ಕಲ್ಲಿನ ಉಪಕರಣಗಳನ್ನು ಹುಡುಕಿ, 1932ರಲ್ಲೂ 1939ರಲ್ಲೂ ಅವುಗಳ ಬಗ್ಗೆ ಬರೆದರು. ಸಂತೆಯಲ್ಲಿ ಕಾಸೂ ಹುಟ್ಟದ ಕಲ್ಲುಗಳು. ಆದರೆ ಯಾವುದು ಯಾವ ಮಣ್ಣಿನ ಪದರದ್ದು ಎಂದು ಅವರು ಬರೆದಿಟ್ಟರು. ಇಂದು ಇಲ್ಲೆಲ್ಲ ಟವರುಗಳೆದ್ದಿವೆ. ಆದರೂ ಕಾಂದಿವಲಿಯ ಹೆಸರು ಪ್ರಾಗಿತಿಹಾಸದ ಪುಸ್ತಕಗಳಲ್ಲಿ ಉಳಿದಿದೆ. ಇಂಗ್ಲೆಂಡಿನಲ್ಲಿ ಡಿಟೆಕ್ಟರ್ ಹಿಡಿದು ಹೊಲ ಸುತ್ತುವವರಿಗಾಗಿ 1997ರಿಂದ ಒಂದು ಯೋಜನೆಯೇ ಇದೆ. ಸಿಕ್ಕ ವಸ್ತುವಿನ ಜೊತೆ ಸಿಕ್ಕ ಜಾಗವನ್ನೂ ದಾಖಲಿಸುತ್ತಾರೆ.

ನಮ್ಮಲ್ಲೂ ಈ ತಿಳಿವಳಿಕೆ ಹೊಸದಲ್ಲ. 1878ರ ‘ಇಂಡಿಯನ್ ಟ್ರೆಷರ್ ಟ್ರೋವ್ ಆಕ್ಟ್’ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕವನು ಕಲೆಕ್ಟರಿಗೆ ಬರೆದು ತಿಳಿಸಬೇಕು: ಏನು, ಎಷ್ಟು, ಯಾವ ದಿನ, ಯಾವ ಜಾಗ. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ. ಇವನ್ನು ಓದಿದಾಗ, ಸರಕಾರ ಬಡವನ ಕೈಯಿಂದ ಚಿನ್ನ ಕಸಿಯಲು ಮಾಡಿದ್ದು ಎಂದಷ್ಟೇ ಅನ್ನಿಸಿತ್ತು. ‘ಯಾವ ಜಾಗ’ ಎಂಬ ಪ್ರಶ್ನೆ ಕಣ್ಣಿಗೆ ಬಿದ್ದೇ ಇರಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಜಿಲ್ಲಾಧಿಕಾರಿಗಳಿಗೆ ಅರ್ಜಿ ಬರೆದೆ. ಅಪ್ಪಚ್ಚಿ ಪಕ್ಕದಲ್ಲಿ ಕೂತಿದ್ದರು. ತಾಮ್ರದ ನಾಣ್ಯ, ಒಂದು. ದಿನಾಂಕ ನೆನಪಿತ್ತು. ಜಾಗ ಎಂಬಲ್ಲಿ ಸರ್ವೆ ನಂಬರು ಬರೆದು, ‘ಗೇರುಮರದ ಆಸುಪಾಸು, ನಿಖರವಾಗಿ ಗೊತ್ತಿಲ್ಲ’ ಎಂದು ಸೇರಿಸಿದೆ. ಆಮೇಲೆ ಇಬ್ಬರೂ ಹಳ್ಳಕ್ಕೆ ಇಳಿದು ಹುಡುಕಿದೆವು. ಒಂದು ಮಳೆಗಾಲ ಹರಿದುಹೋಗಿತ್ತು. ಲಾಳ ಸಿಗಲಿಲ್ಲ.