ತೊಟ್ಟುಗಣ್ಣಿನ ನೊಣ ಮತ್ತು ಜಾತಿಬಾಧಕದ ತರ್ಕ

ಆಗ್ನೇಯ ಏಷ್ಯಾದ ಮಳೆಕಾಡುಗಳಲ್ಲಿ, ತೊರೆಯ ನೀರು ದಂಡೆಯನ್ನು ಕೊರೆದಲ್ಲಿ ಇಳಿಬಿದ್ದಿರುವ ಬೇರಿನ ಎಳೆಗಳನ್ನು ಹಿಡಿದು ರಾತ್ರಿ ಗುಂಪಾಗಿ ತಂಗುವ ಟೀಲಿಯಾಪ್ಸಿಸ್ ಡಾಲ್ಮಾನ್ನಿ ಎಂಬ ಸಣ್ಣ ನೊಣದ ಶರೀರರಚನೆ ಮತ್ತು ವರ್ಗೀಕರಣವು, ಜೀವಿಗಳ ಪ್ರಭೇದಗಳು ಲೋಕದಲ್ಲಿಯೇ ಇರುವ ಭೇದಗಳೋ ಅಥವಾ ಬುದ್ಧಿಯು ಲೋಕದ ಮೇಲೆ ಎಳೆದ ಗೆರೆಗಳೋ ಎಂಬ ಬಹು ಹಳೆಯ ದಾರ್ಶನಿಕ ಪ್ರಶ್ನೆಗೆ ಹೊಸ ಸಾಮಗ್ರಿಯನ್ನು ಒದಗಿಸುತ್ತದೆ. ಈ ಪ್ರಶ್ನೆಯನ್ನು ಭಾರತದ ನ್ಯಾಯ-ವೈಶೇಷಿಕರು ಮತ್ತು ಬೌದ್ಧರು ಶತಮಾನಗಳ ಕಾಲ ಚರ್ಚಿಸಿದರು; ಅವರು ಹದಗೊಳಿಸಿದ ತರ್ಕವು ಇಂದಿನ ವರ್ಗೀಕರಣಶಾಸ್ತ್ರಕ್ಕೆ ಎಷ್ಟು ಹತ್ತಿರದ್ದೆಂಬುದು ಸಾಕಷ್ಟು ಗಮನ ಪಡೆದಿಲ್ಲ.

ನೊಣಗಳ ಗಣಕ್ಕೆ ಇಂದಿಗೂ ಬಳಕೆಯಲ್ಲಿರುವ 'ಡಿಪ್ಟೆರಾ', ಅಂದರೆ ಎರಡು ರೆಕ್ಕೆಯವು, ಎಂಬ ಹೆಸರು ಅರಿಸ್ಟಾಟಲನಿಂದ ಬಂದದ್ದು. ಈ ಗಣದಲ್ಲಿ ಹಿಂದಿನ ಜೋಡಿ ರೆಕ್ಕೆಗಳು ಕುಗ್ಗಿ, ಹಾರುವಾಗ ಮೈಯ ಸಮತೋಲವನ್ನು ಗ್ರಹಿಸುವ ಎರಡು ಗುಬುಟುಗಳಾಗಿ ಉಳಿದಿವೆ. ಡಾಲ್ಮಾನ್ನಿ ನೊಣ ಸೇರಿರುವ ಡಯಾಪ್ಸಿಡೇ ಕುಟುಂಬದಲ್ಲಿ ಇದರ ಜೊತೆಗೆ ತಲೆಯ ಎರಡೂ ಪಕ್ಕಗಳಿಂದ ಅಡ್ಡಲಾಗಿ ಚಾಚಿದ ಗಟ್ಟಿ ತೊಟ್ಟುಗಳಿದ್ದು, ಸಾವಿರಾರು ಮಸೂರಗಳಿಂದಾದ ಸಂಯುಕ್ತ ನೇತ್ರಗಳು ಅವುಗಳ ತುದಿಯಲ್ಲಿ ಕುಳಿತಿರುತ್ತವೆ. ದೃಷ್ಟಿಗೆ ಸಂಬಂಧಿಸಿದ ನರಗ್ರಂಥಿಗಳು ಕೂಡ ತುದಿಯ ಉಬ್ಬಿನೊಳಗೇ ಇದ್ದು, ಅಲ್ಲಿಂದ ಮಿದುಳಿನ ಮಧ್ಯಭಾಗಕ್ಕೆ ತೊಟ್ಟಿನುದ್ದಕ್ಕೂ ನರವು ಹರಿಯುತ್ತದೆ. ಕೋಶಾವಸ್ಥೆಯಿಂದ ಹೊರಬಂದ ನೊಣದಲ್ಲಿ ತೊಟ್ಟುಗಳು ಮೆತ್ತಗೆ ಮುದುಡಿಕೊಂಡಿರುತ್ತವೆ. ನೊಣವು ಗಾಳಿಯನ್ನು ನುಂಗಿ ದೇಹದ್ರವವನ್ನು ತಲೆಗೆ ಒತ್ತಿದಾಗ ಅವು ಚಾಚಿಕೊಂಡು, ಸ್ವಲ್ಪ ಹೊತ್ತಿನಲ್ಲೇ ಶಾಶ್ವತವಾಗಿ ಗಟ್ಟಿಯಾಗುತ್ತವೆ. ಹೆಣ್ಣಿಗೂ ತೊಟ್ಟುಗಳುಂಟು, ಆದರೆ ದೊಡ್ಡ ಗಂಡಿನಲ್ಲಿ ಎರಡು ಕಣ್ಣುಗಳ ನಡುವಿನ ಅಂತರವು ದೇಹದ ಉದ್ದವನ್ನೂ ಮೀರುತ್ತದೆ. ಗಂಡುಗಳು ಎದುರುಬದುರಾಗಿ ನಿಂತು ಈ ಅಂತರವನ್ನೇ ಅಳೆದು ಪೈಪೋಟಿ ನಡೆಸುತ್ತವೆ. ಹೆಣ್ಣುಗಳು ಅಂತರ ಹೆಚ್ಚಿರುವ ಗಂಡಿನ ಬಳಿ ತಂಗಲು ಬಯಸುತ್ತವೆ. ಮುಂಗಾಲುಗಳ ದಪ್ಪನೆಯ, ಮುಳ್ಳುಗಳುಳ್ಳ ತೊಡೆಗಳು ಮತ್ತು ಬೆನ್ನಿನಿಂದ ಹಿಂದಕ್ಕೆ ಚಾಚಿದ ಚೂಪುಗಳು ಈ ಕುಟುಂಬದ ಇತರ ಗುರುತುಗಳು. ಕಣ್ಣಿನ ಜೊತೆಗೆ ಕುಡಿಮೀಸೆಯೂ ತೊಟ್ಟಿನ ಮೇಲೆಯೇ ಇರುತ್ತದೆ ಎಂಬುದು ಚಿಕ್ಕ ವಿವರವಾಗಿ ಕಂಡರೂ ವಾದಕ್ಕೆ ಬಹಳ ಮುಖ್ಯವಾದದ್ದು.

ನ್ಯಾಯ-ವೈಶೇಷಿಕ ದರ್ಶನದಲ್ಲಿ 'ಸಾಮಾನ್ಯ' ಅಥವಾ 'ಜಾತಿ' ಎಂದರೆ, ಸಾಮಾಜಿಕ ಅರ್ಥದಲ್ಲಲ್ಲ, ನಿತ್ಯವೂ ಒಂದೇ ಆದುದೂ ಆಗಿದ್ದು ಅನೇಕ ವ್ಯಕ್ತಿಗಳಲ್ಲಿ ಸಮವಾಯವೆಂಬ ಅಗಲಲಾರದ ಸಂಬಂಧದಿಂದ ನೆಲೆಸಿರುವ ಪದಾರ್ಥ. ಎಲ್ಲ ಹಸುಗಳನ್ನೂ ಹಸು ಎಂದು ಗುರುತಿಸುವುದು ಗೋತ್ವವೆಂಬ ಜಾತಿ ಅವುಗಳಲ್ಲಿ ನಿಜವಾಗಿ ಇರುವುದರಿಂದ. ಆದರೆ ಹಲವಕ್ಕೆ ಹೊಂದುವ ಧರ್ಮವೆಲ್ಲ ಜಾತಿಯಾಗದು. ಹತ್ತನೆಯ ಶತಮಾನದ ಉದಯನಾಚಾರ್ಯನು ತನ್ನ 'ಕಿರಣಾವಲಿ'ಯಲ್ಲಿ ಜಾತಿಯೆಂಬ ಪಟ್ಟಕ್ಕೆ ಅಡ್ಡಬರುವ ಆರು ಕಾರಣಗಳನ್ನು, ಅಂದರೆ ಜಾತಿಬಾಧಕಗಳನ್ನು, ಪರಿಗಣಿಸಿದನು. ಅವುಗಳಲ್ಲಿ ಒಂದು 'ಸಂಕರ'. ಎರಡು ಧರ್ಮಗಳು ಕೆಲವೆಡೆ ಒಟ್ಟಿಗೆ ಇದ್ದು, ಬೇರೆಡೆ ಪ್ರತಿಯೊಂದೂ ಇನ್ನೊಂದನ್ನು ಬಿಟ್ಟು ಇರುವುದಾದರೆ, ಅವನ್ನು ಜಾತಿಯೆನ್ನಲಾಗದು. ಭೂತತ್ವ ಮತ್ತು ಮೂರ್ತತ್ವಗಳು ಇದಕ್ಕೆ ಪ್ರಸಿದ್ಧ ಉದಾಹರಣೆ: ಪೃಥ್ವಿ ಮೊದಲಾದ ನಾಲ್ಕರಲ್ಲಿ ಎರಡೂ ಉಂಟು, ಆಕಾಶದಲ್ಲಿ ಭೂತತ್ವ ಮಾತ್ರ, ಮನಸ್ಸಿನಲ್ಲಿ ಮೂರ್ತತ್ವ ಮಾತ್ರ. ಇಂಥ ಧರ್ಮವನ್ನು 'ಉಪಾಧಿ' ಎನ್ನುತ್ತಾರೆ. ಅದು ವ್ಯವಹಾರಕ್ಕೆ ಒದಗುವ ಗುರುತೇ ಹೊರತು ಲೋಕದ ಮೂಲಭೇದವಲ್ಲ.

ಈ ನಿಯಮವನ್ನು ತೊಟ್ಟುಗಣ್ಣಿಗೆ ಹಚ್ಚಿದರೆ ಫಲ ಸ್ಪಷ್ಟವಾಗಿದೆ. ತೊಟ್ಟಿನ ಮೇಲೆ ಕಣ್ಣಿರುವ ನೊಣಗಳು ಡಯಾಪ್ಸಿಡೇ ಕುಟುಂಬದ ಹೊರಗೂ ಇವೆ: ನ್ಯೂಗಿನಿ ಮತ್ತು ಆಸ್ಟ್ರೇಲಿಯಾದ ಅಕಿಯಾಸ್ ಕುಲ ಬೇರೊಂದು ಕುಟುಂಬದ್ದು, ಆಗ್ನೇಯ ಏಷ್ಯಾದ ಥೆಮಾರಾ ಕುಲವು ಹಣ್ಣುನೊಣಗಳ ಕುಟುಂಬದ್ದು. ಹಣ್ಣುನೊಣಗಳಲ್ಲಿ ಬಹುಪಾಲಿಗೆ ತೊಟ್ಟುಗಣ್ಣಿಲ್ಲ, ತೊಟ್ಟುಗಣ್ಣಿನವುಗಳಲ್ಲಿ ಬಹುಪಾಲು ಹಣ್ಣುನೊಣಗಳಲ್ಲ, ಆದರೂ ಥೆಮಾರಾದಲ್ಲಿ ಎರಡೂ ಕೂಡಿವೆ. ಇದು ಅಚ್ಚ ಸಂಕರ. ವರ್ಗೀಕರಣಕಾರರು ಈ ಕುಲಗಳನ್ನು ಒಂದೇ ಕುಟುಂಬಕ್ಕೆ ಸೇರಿಸದಿರುವುದಕ್ಕೆ ಕೊಡುವ ಕಾರಣವೂ ತತ್ತ್ವತಃ ಇದೇ: ಅಕಿಯಾಸ್ ಮತ್ತು ಥೆಮಾರಾಗಳಲ್ಲಿ ಕುಡಿಮೀಸೆಗಳು ಮುಖದ ನಡುವೆಯೇ ಉಳಿದಿವೆ, ಆದುದರಿಂದ ತೊಟ್ಟು ಬೇರೆ ಬೇರೆ ವಂಶಗಳಲ್ಲಿ ಬೇರೆ ಬೇರೆಯಾಗಿ ಮೂಡಿದ್ದು. ಕಣ್ಣಿಗೆ ಮೊದಲು ಬೀಳುವ ವಿಚಿತ್ರವೇ ಉಪಾಧಿಯೆಂದೂ, ಗಮನಕ್ಕೆ ಬಾರದ ಕುಡಿಮೀಸೆಯ ಸ್ಥಾನವೇ ನಿಜವಾದ ಲಿಂಗವೆಂದೂ, ಅಂದರೆ ಗುರುತೆಂದೂ, ನಿರ್ಣಯಿಸಬಲ್ಲ ತರ್ಕವನ್ನು ಸಾವಿರ ವರ್ಷಗಳ ಹಿಂದೆಯೇ ರೂಪಿಸಿದ್ದು ಉದಯನನ ಹಿರಿಮೆ.

ಬೌದ್ಧ ದಾರ್ಶನಿಕರು ಇದನ್ನು ಒಪ್ಪುವುದಿಲ್ಲ. ದಿಙ್ನಾಗನ 'ಅಪೋಹ' ವಾದದಂತೆ ಹಸು ಎಂಬ ಪದ ಯಾವುದೋ ನಿತ್ಯ ಗೋತ್ವವನ್ನು ಹೇಳದೆ, ಹಸುವಲ್ಲದ್ದನ್ನು ಹೊರಗಿಡುತ್ತದಷ್ಟೆ. ಜ್ವರ ತಗ್ಗಿಸುವ ಬೇರೆ ಬೇರೆ ಮೂಲಿಕೆಗಳಲ್ಲಿ ಒಂದೇ ಸಾಮಾನ್ಯವಿರಬೇಕಾಗಿಲ್ಲ, ಫಲ ಒಂದೇ ಆದುದರಿಂದ ಮನುಷ್ಯರು ಅವನ್ನು ಒಂದೆನ್ನುತ್ತಾರೆ ಎಂಬುದು ಧರ್ಮಕೀರ್ತಿಯ ವಾದ. ಡಾಲ್ಮಾನ್ನಿ ನೊಣದ ನಾಮಚರಿತ್ರೆ ಈ ಪಕ್ಷಕ್ಕೆ ಬೆಂಬಲ ಕೊಡುವಂತಿದೆ: 1830ರಲ್ಲಿ ಕೀಟಶಾಸ್ತ್ರಜ್ಞ ವೀಡೆಮಾನ್ ಅದನ್ನು ಡಯಾಪ್ಸಿಸ್ ಕುಲಕ್ಕೆ ಸೇರಿಸಿದನು, ಬಳಿಕ ಅದು ಸಿರ್ಟೋಡಯಾಪ್ಸಿಸ್ ಆಯಿತು, 2002ರಲ್ಲಿ ಆ ಕುಲವನ್ನೇ ಟೀಲಿಯಾಪ್ಸಿಸ್‌ನಲ್ಲಿ ವಿಲೀನಗೊಳಿಸಲಾಯಿತು. ಕುಲದ ಗೆರೆಯನ್ನು ಮಾನವರು ಎಳೆದು ಅಳಿಸಿದರು. ನೊಣ ಮಾತ್ರ ಇದ್ದಂತೆಯೇ ಇತ್ತು.

ಆದರೆ ಪ್ರಭೇದದ ಗೆರೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ನ್ಯಾಯಸೂತ್ರದ ಮತದಲ್ಲಿ ಜಾತಿಯನ್ನು ಅರಿಯುವುದು 'ಆಕೃತಿ'ಯಿಂದ, ಅಂದರೆ ಅವಯವಗಳ ನಿಶ್ಚಿತ ಜೋಡಣೆಯಿಂದ. ಡಾಲ್ಮಾನ್ನಿಯೆಂದೇ ಕರೆಯುತ್ತಿದ್ದ, ಆಕೃತಿಯಲ್ಲಿ ಬಹುಮಟ್ಟಿಗೆ ಒಂದೇ ಆದ, ಬೇರೆ ಬೇರೆ ನೆಲೆಗಳ ನೊಣಗಳನ್ನು ಪ್ರಯೋಗಾಲಯದಲ್ಲಿ ಕೂಡಿಸಿದಾಗ, ಹಲವು ಜೋಡಿಗಳ ಗಂಡುಸಂತಾನ ಬಂಜೆಯಾಯಿತು. 2005ರಲ್ಲಿ ಪ್ರಕಟವಾದ ಈ ಫಲಿತಾಂಶ ಯಾರ ಸಂಕೇತವನ್ನೂ ಅವಲಂಬಿಸಿದ್ದಲ್ಲ. ಮನುಷ್ಯನ ಕಣ್ಣಿಗೆ ಕಾಣದ ಭೇದ ನೊಣಗಳ ಸಂತಾನದಲ್ಲಿ ಪ್ರಕಟವಾಗುತ್ತದೆ ಎಂದಮೇಲೆ, ಭೇದವೆಲ್ಲವೂ ಬುದ್ಧಿಕಲ್ಪಿತವೆಂಬ ಮಾತು ನಿಲ್ಲುವುದು ಕಷ್ಟ.

ಹಾಗೆಂದು ನೈಯಾಯಿಕನಿಗೆ ಪೂರ್ಣ ಜಯ ಸಿಕ್ಕಿತೆಂದಲ್ಲ. ಇಂಥ ಮಿಶ್ರಸಂತಾನದಲ್ಲಿ ಗಂಡು ಬಂಜೆಯಾದರೂ ಹೆಣ್ಣು ಹೆಚ್ಚಾಗಿ ಫಲವತಿಯಾಗಿಯೇ ಉಳಿಯುತ್ತದೆ. ಎರಡು ಬೇರೆ ಲಿಂಗವರ್ಣತಂತುಗಳಿರುವ ಲಿಂಗಕ್ಕೇ ಮೊದಲು ಹಾನಿ ತಟ್ಟುತ್ತದೆಂಬ ಈ ನಿಯಮವನ್ನು 1922ರಲ್ಲಿ ಹೇಳಿದವನು, ಮುಂದೆ ಭಾರತಕ್ಕೆ ಬಂದು ನೆಲೆಸಿ ಭುವನೇಶ್ವರದಲ್ಲಿ ತೀರಿಕೊಂಡ ಜೆ.ಬಿ.ಎಸ್. ಹಾಲ್ಡೇನ್. ಆ ಫಲವತಿಯಾದ ಮಗಳಲ್ಲಿ ಯಾವ ಜಾತಿ ಸಮವೇತವಾಗಿದೆ, ಅಂದರೆ ಸಮವಾಯದಿಂದ ನೆಲೆಸಿದೆ? ಎರಡೂ ಇವೆಯೆಂದರೆ, ಒಂದನ್ನೊಂದು ಬಿಟ್ಟಿರಬಲ್ಲ ಎರಡು ಧರ್ಮಗಳು ಒಂದೆಡೆ ಕೂಡಿದಂತಾಗಿ, ತೊಟ್ಟುಗಣ್ಣನ್ನು ಹೊರಹಾಕಿದ ಅದೇ ಸಂಕರದೋಷ ಪ್ರಭೇದಕ್ಕೂ ತಗಲುತ್ತದೆ. ಎರಡೂ ಇಲ್ಲವೆಂದರೆ, ಎರಡೂ ಕಡೆ ವಂಶ ಬೆಳೆಸಬಲ್ಲ ಜೀವಿಯೊಂದು ಜಾತಿಯಿಲ್ಲದೆ ನಿಲ್ಲುತ್ತದೆ. ಜಾತಿ ಇರಬೇಕು ಇಲ್ಲವೇ ಇರಬಾರದು, ಅರೆಬರೆಯಾಗಿ ಸಮವೇತವಾಗಲಾರದು. ಪ್ರಭೇದಗಳಾದರೋ ಬೇರ್ಪಡುವುದು ಮೆಲ್ಲಮೆಲ್ಲಗೆ. ಉದಯನನ ನಿಯಮವನ್ನು ಪ್ರಾಮಾಣಿಕವಾಗಿ ಅನ್ವಯಿಸಿದರೆ ಪ್ರಭೇದವೂ ಉಪಾಧಿಯೇ ಎನ್ನಬೇಕಾಗುತ್ತದೆ, ಆದರೆ ಬುದ್ಧಿಯಲ್ಲ, ವಂಶಪ್ರವಾಹವೇ ನಿರ್ಮಿಸಿದ ಉಪಾಧಿ.

ಜೀವಶಾಸ್ತ್ರಜ್ಞ ಮೈಕೆಲ್ ಗಿಸೆಲಿನ್ 1974ರಲ್ಲಿಯೂ ದಾರ್ಶನಿಕ ಡೇವಿಡ್ ಹಲ್ 1978ರಲ್ಲಿಯೂ ಮಂಡಿಸಿದ ವಾದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಪ್ರಭೇದವು ಸದಸ್ಯರಿರುವ ವರ್ಗವಲ್ಲ, ಒಂದು ಕಾಲದಲ್ಲಿ ಹುಟ್ಟಿ ಒಂದು ದೇಶದಲ್ಲಿ ಹರಡಿ ಒಂದು ದಿನ ಅಳಿಯುವ ಏಕೈಕ ವ್ಯಕ್ತಿ, ಒಂದೊಂದು ನೊಣವೂ ಅದರ ಅಂಶ. ಇದನ್ನು ಒಪ್ಪುವುದಾದರೆ ಸಂಕರದವರೆಗೂ ಹೋಗಬೇಕಾಗಿಲ್ಲ. ಉದಯನನ ಪಟ್ಟಿಯ ಮೊದಲನೆಯ ಬಾಧಕವೇ, ಅಂದರೆ ಆಶ್ರಯವಾದ ವ್ಯಕ್ತಿ ಒಂದೇ ಇರುವಲ್ಲಿ ಜಾತಿಯನ್ನು ಹೇಳಲಾಗದು ಎಂಬುದೇ, ಸಾಕಾಗುತ್ತದೆ. ಆಕಾಶ ಒಂದೇ ಆದುದರಿಂದ ಆಕಾಶತ್ವವು ಜಾತಿಯಲ್ಲವೆಂದು ವೈಶೇಷಿಕರು ಹೇಳಿದ ಕಾರಣದಿಂದಲೇ, ಡಾಲ್ಮಾನ್ನಿತ್ವವೂ ಜಾತಿಯಲ್ಲ.