ಮಗುವಿನ ಮುಖ ಯಾರ ಸ್ವತ್ತು?

ಬಯಲಿನಲ್ಲಿ, ಸಹಜವಾದ ಬೆಳಕಿನಲ್ಲಿ ಮಕ್ಕಳ ಭಾವಚಿತ್ರ ತೆಗೆಯುವುದು ಇಂದು ಎಲ್ಲರ ಕೈಗೆ ಎಟುಕಿದ ಕಲೆ. ಇದರಲ್ಲಿ ಧರ್ಮಾಧರ್ಮದ ಪ್ರಶ್ನೆ ಏನಿದೆಯೆಂದು ವಾಚಕರು ಕೇಳಬಹುದು. ಹೂವಿನ ಚಿತ್ರ ತೆಗೆಯುವಂತೆ ಮಗುವಿನ ಚಿತ್ರವನ್ನೂ ತೆಗೆಯುತ್ತೇವೆ. ಅಲ್ಲಿಲ್ಲದ ಆಕ್ಷೇಪ ಇಲ್ಲೇಕೆ? ಆದರೆ ಹೂವು ಮುಂದೊಂದು ದಿನ ನಮ್ಮೆದುರು ನಿಂತು, ‘ಯಾರನ್ನು ಕೇಳಿ ತೆಗೆದಿರಿ?’ ಎನ್ನಲಾರದು. ಮಗು ಎಂದೀತು. ಈ ಒಂದು ಭೇದದಿಂದ ಹುಟ್ಟುವ ವಿಚಾರವನ್ನು ಇಲ್ಲಿ ಕೊಂಚ ಪರಿಶೀಲಿಸೋಣ.

ಮೊದಲು ಬೆಳಕಿನ ಮಾತು. ನೆತ್ತಿಯ ಮೇಲಿನ ಬಿಸಿಲು ಮುಖಕ್ಕೆ ಹಗೆ. ಹುಬ್ಬಿನ ನೆರಳು ಕಣ್ಣಿನ ಗುಳಿಗೆ ಬಿದ್ದು, ಮಗು ಕಣ್ಣು ಕಿರಿದುಮಾಡಿ ಮುಖ ಸಿಂಡರಿಸುತ್ತದೆ. ಅಡಕೆ ತೋಟದ ನೆರಳು ತಂಪೇನೋ ಹೌದು. ಆದರೆ ಸೋಗೆಗಳ ಸಂದಿನಿಂದ ಸೋರುವ ಬಿಸಿಲು ಕೆನ್ನೆಯ ಮೇಲೆ ತೇಪೆ ಹಾಕುತ್ತದೆ. ಕಾಸರಗೋಡಿನ ಕಡೆಯ ಹಳೆಯ ಮನೆಗಳ ಜಗಲಿಯಾದರೆ ಈ ಕೆಲಸಕ್ಕೆ ಬಹು ಪ್ರಶಸ್ತ. ಮೇಲೆ ಮಾಡು, ಎದುರಿಗೆ ಅಡಕೆ ಒಣಗುವ ಅಂಗಳ. ಅಂಗಳದ ಬಿಸಿಲು ಪುಟಿದು ಜಗಲಿಯ ಅಂಚಿನಲ್ಲಿ ಕುಳಿತ ಮಗುವಿನ ಮುಖಕ್ಕೆ ಮೆಲ್ಲನೆ ಹಬ್ಬುತ್ತದೆ. ತೆರೆದ ಆಕಾಶ ಅದರ ಕಣ್ಣಿನಲ್ಲಿ ಬಿಳಿಯ ಚುಕ್ಕೆಯಾಗಿ ಹೊಳೆಯುತ್ತದೆ. ಆಷಾಢದ ತೆಳುಮೋಡವೂ ಇಷ್ಟೇ ಉದಾರಿ. ಈ ಕಲೆಯನ್ನು ಬಲ್ಲವನು ಬೆಳಕಿಗೆ ಆಜ್ಞೆ ಮಾಡುವುದಿಲ್ಲ. ಅದು ಒಲಿಯುವವರೆಗೆ ಕಾದಿರುತ್ತಾನೆ.

ಬೆಳಕಿಗೆ ತೋರುವ ಈ ವಿನಯವನ್ನು ಮಗುವಿಗೂ ತೋರಿದ್ದೇವೆಯೇ ಎಂದು ಛಾಯಾಗ್ರಹಣದ ಚರಿತ್ರೆಯನ್ನು ಕೇಳಿದರೆ ಉತ್ತರ ಅಷ್ಟು ಸಮಾಧಾನಕರವಲ್ಲ. 1839ರಲ್ಲಿ ಈ ವಿದ್ಯೆ ಜಗತ್ತಿಗೆ ಪ್ರಕಟವಾದಾಗ ಒಂದು ಚಿತ್ರ ಮೂಡಲು ನಿಮಿಷಗಳೇ ಬೇಕಿದ್ದುವು. ಅಲುಗಿದರೆ ಮುಖ ಮಸುಕಾಗುತ್ತಿತ್ತು. ಆದುದರಿಂದ ಕುಳಿತವರ ತಲೆಯನ್ನು ಹಿಂದಿನಿಂದ ಕಬ್ಬಿಣದ ಆಧಾರಕ್ಕೆ ಸಿಕ್ಕಿಸುತ್ತಿದ್ದರು. ತಾಯಿಯನ್ನು ಬಟ್ಟೆಯಡಿ ಮರೆಮಾಡಿ, ಅವಳ ತೊಡೆಯ ಮೇಲೆ ಕೂಸನ್ನು ಹಿಡಿಸಿ ಕೂರಿಸುತ್ತಿದ್ದರು. 1871ರಲ್ಲಿ ಮ್ಯಾಡಕ್ಸ್ ಎಂಬ ಆಂಗ್ಲ ವೈದ್ಯನು ಜೆಲಟಿನ್ನಿನ ಒಣ ಫಲಕದ ಕ್ರಮವನ್ನು ಪ್ರಕಟಿಸಿದ ಮೇಲೆ ಕಾಲ ಕುಗ್ಗುತ್ತ ಬಂದಿತು. 1888ರಲ್ಲಿ ಕೊಡ್ಯಾಕ್ ಪೆಟ್ಟಿಗೆ ಬಂದಿತು; 1900ರಲ್ಲಿ ಒಂದು ಡಾಲರಿಗೆ ಬ್ರೌನಿ ಕ್ಯಾಮೆರಾ ಸಿಕ್ಕಿತು. ಮಗು ಕಬ್ಬಿಣದಿಂದ ಬಿಡುಗಡೆಹೊಂದಿ ಅಂಗಳದಲ್ಲಿ ಓಡಿತು. ಆದರೆ ಅದರೊಡನೆ ಇನ್ನೊಂದೂ ನಡೆಯಿತು. ಹಿಂದೆ ಅಲುಗಿಯಾದರೂ ಮಗು ತನ್ನ ಅಸಮ್ಮತಿಯನ್ನು ಫಲಕದ ಮೇಲೆ ಬರೆಯಬಲ್ಲುದಾಗಿತ್ತು. ಕ್ಷಣಾರ್ಧದಲ್ಲಿ ಚಿತ್ರ ಮೂಡತೊಡಗಿದಂದಿನಿಂದ ಆ ಉಪಾಯವೂ ಅದರ ಕೈತಪ್ಪಿತು. ಅರಿಯದ ಮಗುವನ್ನು ಅರಿಯದಂತೆಯೇ ಸೆರೆಹಿಡಿಯುವುದು ಸಾಧ್ಯವಾಯಿತು, ಸಾಧ್ಯವಾದುದೇ ನ್ಯಾಯವೆನಿಸಿತು.

ಇದರಿಂದ ಮಗುವಿಗೆ ನಷ್ಟವೇನು? ಮುಖವೇನೂ ಸವೆಯುವುದಿಲ್ಲವಷ್ಟೆ! ಈ ವಾದಕ್ಕೆ ನಮ್ಮ ತಾಯಂದಿರು ಎಂದೋ ಒಂದು ಉತ್ತರವನ್ನು ಕೊಟ್ಟಿದ್ದಾರೆ. ಕೂಸನ್ನು ನಾಲ್ವರ ನಡುವೆ ಒಯ್ಯುವ ಮುನ್ನ ಅದರ ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟನ್ನು ಇಡುತ್ತಾರೆ. ಕಣ್ಣಿನಿಂದ ಕೇಡು ಬರುವುದೆಂಬ ನಂಬಿಕೆಯನ್ನು ಒಪ್ಪಬೇಕಾಗಿಲ್ಲ. ಆದರೆ ನೋಡುವುದು ಬರಿಯ ನೋಟವಲ್ಲ, ನೋಡಿಸಿಕೊಂಡವರ ಮೇಲೆ ಅದರ ಭಾರ ಬೀಳುತ್ತದೆ ಎಂಬ ಅರಿವು ಆ ಬೊಟ್ಟಿನಲ್ಲಿದೆ.

ಆ ಭಾರ ಎಷ್ಟೆಂಬುದಕ್ಕೆ ಒಂದು ಜಗತ್ಪ್ರಸಿದ್ಧವಾದ ನಿದರ್ಶನವುಂಟು. 1984ರಲ್ಲಿ ಪೇಷಾವರದ ಬಳಿಯ ನಾಸಿರ್ ಬಾಗ್ ನಿರಾಶ್ರಿತರ ಶಿಬಿರದಲ್ಲಿ, ಶಾಲೆಯ ಡೇರೆಯೊಳಗೆ ಬಂದ ಹಗಲಿನ ಬೆಳಕಿನಲ್ಲಿ, ಸ್ಟೀವ್ ಮೆಕ್‌ಕರಿ ಎಂಬವರು ಒಬ್ಬ ಆಫ್ಘನ್ ಬಾಲಿಕೆಯ ಚಿತ್ರವನ್ನು ತೆಗೆದರು. 1985ರ ಜೂನ್ ತಿಂಗಳಲ್ಲಿ ಅದು ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯ ಮುಖಪುಟವಾಯಿತು. ಅವಳ ಕಣ್ಣುಗಳನ್ನು ಲೋಕವೆಲ್ಲ ಕಂಡಿತು. ಶರ್ಬತ್ ಗುಲಾ ಎಂಬ ಅವಳ ಹೆಸರು ತಿಳಿದುದು 2002ರಲ್ಲಿ. ತನ್ನ ಆ ಚಿತ್ರವನ್ನು ಅವಳು ಕಂಡುದೂ ಆಗಲೇ. ಹದಿನೇಳು ವರ್ಷ ತನ್ನ ಮುಖ ತನ್ನನ್ನು ಬಿಟ್ಟು ದೇಶ ಸುತ್ತುತ್ತಿತ್ತೆಂಬುದು ಆ ಮುಖದ ಒಡತಿಗೇ ತಿಳಿದಿರಲಿಲ್ಲ. ಚಿತ್ರದ ಚೆಲುವನ್ನು ಒಪ್ಪಿಯೂ ಈ ಸಂಗತಿಯ ಮುಂದೆ ನಾವು ತುಸು ನಿಲ್ಲಬೇಕಾಗುತ್ತದೆ.

ಹಾಗೆಂದು ಕೇಳದೆ ತೆಗೆದುದೆಲ್ಲ ಪಾಪವೆಂದು ತೀರ್ಪುಕೊಡುವುದೂ ಆತುರವಾದೀತು. ಅಮೆರಿಕದ ಲೂಯಿಸ್ ಹೈನ್ ಮೊದಲು ಉಪಾಧ್ಯಾಯನಾಗಿದ್ದವನು. 1908ರಿಂದ ಬಾಲಕಾರ್ಮಿಕ ಸಮಿತಿಯೊಂದರ ಪರವಾಗಿ ಗಿರಣಿಗಳನ್ನೂ ಗಣಿಗಳನ್ನೂ ಅಲೆದನು. ಒಡೆಯರನ್ನು ವಂಚಿಸಲು ವೇಷ ಮರೆಸಿದ್ದೂ ಉಂಟು. ಒಳಗೆ ಬಿಡದೆಹೋದಲ್ಲಿ ಗಿರಣಿಯ ಬಾಗಿಲ ಹೊರಗೆ, ಬಯಲ ಬೆಳಕಿನಲ್ಲಿ, ದುಡಿದು ಬರುವ ಮಕ್ಕಳನ್ನು ನಿಲ್ಲಿಸಿ ಚಿತ್ರ ತೆಗೆದನು. ಅವರ ವಯಸ್ಸನ್ನೂ ಕೆಲಸವನ್ನೂ ಕೇಳಿ ಬರೆದುಕೊಂಡನು. ಅಲ್ಲಿ ಬಾಲದುಡಿಮೆಗೆ ಕಡಿವಾಣ ಹಾಕಿದ 1938ರ ಕಾನೂನಿನವರೆಗೆ ಜನಮನವನ್ನು ಸಿದ್ಧಗೊಳಿಸಿದ ಕಾರಣಗಳಲ್ಲಿ ಆ ಚಿತ್ರಗಳೂ ಸೇರಿವೆ. ಹೈನ್ ವಂಚಿಸಿದುದು ಬಲಿಷ್ಠರನ್ನು, ಮಕ್ಕಳನ್ನಲ್ಲ. ಚಿತ್ರದ ಫಲ ಹರಿದುದು ಮಕ್ಕಳ ಕಡೆಗೆ. ಹೀಗೆ ಒಂದು ಒರೆಗಲ್ಲು ದೊರೆಯುತ್ತದೆ: ಈ ಚಿತ್ರದಿಂದ ಯಾರಿಗೆ ಲಾಭ, ಮಗುವಿಗೋ, ನೋಡುವವನ ಕಣ್ಣಿಗೋ, ತೆಗೆದವನ ಕೀರ್ತಿಗೋ?

ಹೆತ್ತವರಿಗಾದರೂ ಪೂರ್ಣಾಧಿಕಾರವಿಲ್ಲವೇ ಎಂದರೆ, ಅವರಿಗಿರುವುದು ಕಾಪಿಡುವ ಅಧಿಕಾರ, ಒಡೆತನವಲ್ಲ. ಅಪ್ರಾಪ್ತವಯಸ್ಕನ ಹೊಲವನ್ನು ನೋಡಿಕೊಳ್ಳುವ ಹಿರಿಯನು ಅದನ್ನು ಮನಬಂದಂತೆ ಪರಭಾರೆ ಮಾಡಬಹುದೇ? ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಮಗುವಿನ ಖಾಸಗಿ ಬಾಳಿಗೆ ರಕ್ಷಣೆಯನ್ನೂ, ತನ್ನ ವಿಷಯದಲ್ಲಿ ತನ್ನ ಅಭಿಪ್ರಾಯವನ್ನು ಹೇಳುವ ಹಕ್ಕನ್ನೂ ಮನ್ನಿಸಿದೆ; ಭಾರತವು 1992ರಲ್ಲಿ ಅದಕ್ಕೆ ಸೇರಿತು. ಹಿಂದೆ ಮನೆಯ ಪಟ ಗೋಡೆಯ ಮೇಲೋ ಪೆಟ್ಟಿಗೆಯಲ್ಲೋ ಇರುತ್ತಿತ್ತು, ಕಂಡವರು ನೆಂಟರಿಷ್ಟರು. ಇಂದಿನ ಮೊಬೈಲಿನಿಂದ ಹೊರಟ ಪಟವೋ ಕ್ಷಣದಲ್ಲಿ ಎಣಿಕೆಯಿಲ್ಲದ ಕೈಗಳಿಗೆ ಸೇರುತ್ತದೆ. ಹೆತ್ತವರು ಬಯಸಿದರೂ ಅದನ್ನು ಹಿಂದಕ್ಕೆ ಕರೆಯುವ ಬಗೆಯಿಲ್ಲ.

ಹಾಗಾದರೆ ಮಕ್ಕಳ ಚಿತ್ರವನ್ನೇ ತೆಗೆಯಬಾರದೇ? ತೆಗೆಯಬೇಕು. ಬಾಲ್ಯದ ಮುಖವನ್ನು ಕಳೆದುಕೊಂಡವರಿಗೆ ಅದನ್ನು ಮರಳಿ ಕೊಡಬಲ್ಲ ವಿದ್ಯೆ ಇನ್ನಾವುದಿದೆ? ಆದರೆ ತೆಗೆಯುವಾತನು ಮೊದಲು ನೆಲಕ್ಕೆ ಕುಳಿತು ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿಯಲಿ. ಏಕೆ ತೆಗೆಯುವೆನೆಂದು ಅದಕ್ಕೆ ತಿಳಿಯುವ ಮಾತಿನಲ್ಲಿ ಹೇಳಲಿ. ತೆಗೆದುದನ್ನು ಮೊದಲು ಅದಕ್ಕೇ ತೋರಿಸಲಿ. ಮಾತು ಬಾರದ ಕೂಸಿನ ಪಟವಾದರೆ ಅದು ಬೆಳೆದು ಕೇಳುವವರೆಗೆ ಮನೆಯ ಒಳಗೇ ಇರಲಿ. ಇನ್ನು ಮಗು ಮುಖ ತಿರುಗಿಸಿತೇ, ಅದನ್ನು ಉತ್ತರವೆಂದೇ ತಿಳಿಯಲಿ. ಮೋಡ ದಟ್ಟವಾಗಿ ಬೆಳಕು ಕುಂದಿದರೆ ನಾವು ಆಕಾಶದೊಡನೆ ಜಗಳವಾಡದೆ ಕ್ಯಾಮೆರಾ ಮಡಿಸಿಕೊಂಡು ಹೊರಡುತ್ತೇವೆ; ನಾಳೆ ಬರೋಣವೆನ್ನುತ್ತೇವೆ. ಮಗು ಒಲ್ಲೆನೆಂದರೆ ಮಾತ್ರ ಬೆಲ್ಲದ ಆಸೆ ತೋರಿಸುತ್ತೇವೆ, ಗದರಿಸುತ್ತೇವೆ. ಸೂರ್ಯನಿಗೆ ಸಲ್ಲಿಸುವಷ್ಟು ಮರ್ಯಾದೆ ಆ ಪುಟ್ಟ ಜೀವಕ್ಕೂ ಸಲ್ಲಬೇಕಲ್ಲವೇ?